ಕೂತವರ ಬೆನ್ನಲ್ಲಿದೆ ಕೊಕ್ಕೊದ ಗುಟ್ಟು

ಶಾಲಾ ಕ್ರೀಡಾಕೂಟದ ದಿನಗಳು ಬಂದವೆಂದರೆ ಸರಗೂರಿನ ಮೈದಾನದಲ್ಲಿ ಬೆಳಿಗ್ಗೆಯೇ ಸುಣ್ಣದ ಗೆರೆ ಬೀಳುತ್ತದೆ. ಹೋಬಳಿ ಮಟ್ಟದಲ್ಲಿ ಗೆದ್ದ ತಂಡಗಳು ಗೂಡ್ಸ್ ಆಟೊಗಳಲ್ಲಿ ತುಂಬಿಕೊಂಡು ಬಂದಿಳಿಯುತ್ತವೆ. ಒಂದು ಕಡೆ ಗುಂಡು ಎಸೆತ, ಇನ್ನೊಂದು ಕಡೆ ಉದ್ದ ಜಿಗಿತ. ಆದರೆ ಜನ ಒತ್ತಿಕೊಂಡು ನಿಂತಿರುವುದು ಕೊಕ್ಕೊ ಅಂಕಣದ ಸುತ್ತ.

ಎಂಟು ಹುಡುಗಿಯರು ಸಾಲಾಗಿ ಕೂತಿದ್ದಾರೆ. ಒಬ್ಬಳು ಅಟ್ಟಿಸಿಕೊಂಡು ಹೋಗುತ್ತಿದ್ದಾಳೆ. ಮೂವರು ತಪ್ಪಿಸಿಕೊಳ್ಳುತ್ತಿದ್ದಾರೆ. ಆ ಮೂವರಲ್ಲಿ ಒಬ್ಬಳಂತೂ ಎರಡು ನಿಮಿಷದಿಂದ ಯಾರ ಕೈಗೂ ಸಿಕ್ಕಿಲ್ಲ. ಅವಳು ಸಾಲಿನ ಈ ಬದಿಯಿಂದ ಆ ಬದಿಗೆ ನುಸುಳಿದಾಗಲೆಲ್ಲ ಅವಳ ಶಾಲೆಯವರು ಕೇಕೆ ಹಾಕುತ್ತಾರೆ. ಈಗ ಅಟ್ಟುವವಳು ಕೂತವಳೊಬ್ಬಳನ್ನು ದಾಟಿ ಮುಂದಕ್ಕೆ ಹೋದಳು. ಹೋದಳೆಂದೇ ಎಲ್ಲರಿಗೂ ಕಂಡಿತು. ಓಡುವವಳು ನಿರಾಳವಾಗಿ ಆ ಕೂತವಳ ಮುಂದಿನಿಂದಲೇ ಹಾಯಲು ಹೊರಟಳು. ‘ಖೋ!’ ಎಂಬ ಕೂಗು. ದಾಟಿಹೋದವಳ ಕೈ ಹಿಂದಕ್ಕೆ ಚಾಚಿ ಬೆನ್ನು ತಟ್ಟಿದೆ, ಕೂತವಳು ಎದ್ದಾಗಿದೆ, ಓಡುವವಳು ನೇರ ಅವಳ ಅಂಗೈಗೇ ಬಂದು ತಾಗಿದ್ದಾಳೆ. ಸೀಟಿ.

‘ಅಯ್ಯೋ, ತಾನಾಗೇ ಹೋಗಿ ಸಿಕ್ಕಾಕೊಂಡಳಲ್ಲ!’ ಎಂದು ಸುತ್ತ ನಿಂತವರು ಕೈ ಕೈ ಹಿಸುಕಿಕೊಳ್ಳುತ್ತಾರೆ.

ತಾನಾಗಿ ಸಿಕ್ಕಿಬಿದ್ದದ್ದಲ್ಲ. ಅವಳನ್ನು ಅಲ್ಲಿಗೆ ಕರೆತಂದದ್ದು. ಕೊಕ್ಕೊ ಆಡದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ಆದರೂ ಅದು ಕಾಲಿನ ಆಟ, ವೇಗವಾಗಿ ಓಡುವವರ ಆಟ ಎಂದೇ ಬಹಳ ಮಂದಿ ತಿಳಿದಿದ್ದಾರೆ. ವೇಗ ಬೇಕು, ಸುಳ್ಳಲ್ಲ. ಆದರೆ ಒಳ್ಳೆಯ ತಂಡ ಅಂಕ ಗಳಿಸುವುದು ಎದುರಾಳಿಯನ್ನು ತಪ್ಪು ಊಹೆಗೆ ತಳ್ಳುವುದರಿಂದ. ಆ ವಂಚನೆ ಹೇಗೆ ನಡೆಯುತ್ತದೆ ಎಂಬುದು ಅಂಕಣದ ಹೊರಗೆ ನಿಂತವರಿಗೆ ಸುಲಭಕ್ಕೆ ಕಾಣುವುದಿಲ್ಲ.

ಕೈಕಟ್ಟಿದ ಬೇಟೆಗಾರ

ಮೊದಲು ಅಂಕಣ ನೋಡೋಣ. 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ತುದಿಯಲ್ಲಿ ಎದೆಮಟ್ಟದ ಎರಡು ಕಂಬ, ನಡುವೆ 24 ಮೀಟರ್ ಅಂತರ. ಕಂಬದಿಂದ ಕಂಬಕ್ಕೆ 30 ಸೆಂಟಿಮೀಟರ್ ಅಗಲದ ನಡುಪಟ್ಟಿ. ಅದರ ಮೇಲೆ ಎಂಟು ಚೌಕ, ಚೌಕಕ್ಕೊಬ್ಬರಂತೆ ಎಂಟು ಚೇಸರ್‌ಗಳು. ಒಬ್ಬರು ಈ ಬದಿಗೆ ಮುಖಮಾಡಿದರೆ ಪಕ್ಕದವರು ಆ ಬದಿಗೆ. ಒಂಬತ್ತನೆಯವರು ಎದ್ದು ಓಡುವ ಚೇಸರ್. ಎದುರಾಳಿ ತಂಡದಿಂದ ಮೂರು ಮೂರು ರನ್ನರ್‌ಗಳು ಬ್ಯಾಚ್ ಆಗಿ ಒಳಗೆ ಬರುತ್ತಾರೆ. ಸಾಮಾನ್ಯ ನಿಯಮದಲ್ಲಿ ಒಂದು ಸರದಿಗೆ ದೊಡ್ಡವರಿಗೆ 9 ನಿಮಿಷ, ಚಿಕ್ಕವರಿಗೆ 7 ನಿಮಿಷ. ಅಷ್ಟರಲ್ಲಿ ಎಷ್ಟು ಜನರನ್ನು ಮುಟ್ಟಿದರೋ ಅಷ್ಟು ಅಂಕ.

ಇನ್ನು ನಿಯಮಗಳ ತಾರತಮ್ಯ ನೋಡಿ. ರನ್ನರ್ ಎಲ್ಲಿ ಬೇಕಾದರೂ ಓಡಬಹುದು. ಕೂತವರ ಸಂದಿಯಿಂದ ನುಸುಳಿ ಈ ಬದಿಯಿಂದ ಆ ಬದಿಗೆ ಹೋಗಬಹುದು, ನಿಲ್ಲಬಹುದು, ಹಿಂದಿರುಗಬಹುದು. ಕೂತವರ ಮೈಗೆ ತಾಗಬಾರದು, ಎರಡೂ ಕಾಲು ಅಂಕಣದ ಆಚೆ ಇಡಬಾರದು. ದೊಡ್ಡ ನಿರ್ಬಂಧಗಳೆಂದರೆ ಇವೇ.

ಚೇಸರ್‌ಗೆ ಮಾತ್ರ ಕೈಕಾಲು ಕಟ್ಟಿಹಾಕಿದಂತೆ. ನಡುಪಟ್ಟಿ ದಾಟುವಂತಿಲ್ಲ, ಆ ಬದಿಗೆ ಹೋಗಬೇಕಾದರೆ ಕಂಬ ಸುತ್ತಿಕೊಂಡೇ ಹೋಗಬೇಕು. ಒಂದು ದಿಕ್ಕು ಹಿಡಿದರೆ ಆ ಕಡೆಯ ಕಂಬ ಮುಟ್ಟುವ ತನಕ ಹಿಂದಿರುಗುವಂತಿಲ್ಲ. ಭುಜವನ್ನು ಹಿಂದಕ್ಕೆ ತಿರುಗಿಸಿದರೂ ಫೌಲ್. ಫೌಲ್ ಆದರೆ ಅಂಪೈರ್ ಸೀಟಿ ಊದಿ ಚೇಸರ್‌ನನ್ನು ಎದುರು ದಿಕ್ಕಿಗೆ ಅಟ್ಟುತ್ತಾರೆ. ಅಷ್ಟರಲ್ಲಿ ರನ್ನರ್ ಉಸಿರು ತೆಗೆದುಕೊಂಡು ಅಂಗಿ ಸರಿಪಡಿಸಿಕೊಳ್ಳುತ್ತಿರುತ್ತಾರೆ.

ಹೀಗಿರುವಾಗ ಒಬ್ಬ ಚೇಸರ್ ಎಷ್ಟೇ ಬಿರುಸಾಗಿದ್ದರೂ ಒಬ್ಬ ರನ್ನರ್‌ನನ್ನು ಹಿಡಿಯಲಾರ. ಒಂದು ಹೆಜ್ಜೆ ಪಕ್ಕಕ್ಕಿಟ್ಟು ಸಾಲು ದಾಟಿದರೆ ಸಾಕು, ಅವನು ಆ ಬದಿಯಲ್ಲಿ, ಇವನು ಈ ಬದಿಯಲ್ಲಿ. ಚೇಸರ್‌ಗೆ ಉಳಿಯುವ ದಾರಿ ಒಂದೇ: ಖೋ ಕೊಟ್ಟು ಬೇಟೆಯನ್ನು ಇನ್ನೊಬ್ಬನ ಕೈಗೆ ದಾಟಿಸುವುದು.

ಕಟ್ಟುಪಾಡೇ ಬಂಡವಾಳ

ಆಟದ ತಿರುಳು ಇಲ್ಲಿದೆ. ಚೇಸರ್ ಹಿಂದಿರುಗಲಾರ ಎಂದು ರನ್ನರ್‌ಗೆ ಗೊತ್ತು. ನಡುಪಟ್ಟಿ ದಾಟಲಾರ ಎಂದೂ ಗೊತ್ತು. ಆ ನಂಬಿಕೆಯ ಮೇಲೆಯೇ ರನ್ನರ್ ತನ್ನ ದಾರಿ ಲೆಕ್ಕ ಹಾಕುತ್ತಾನೆ. ಒಳ್ಳೆಯ ಚೇಸರ್ ಕೈಹಾಕುವುದು ಆ ನಂಬಿಕೆಗೇ. ಯಾವ ನಿಯಮವೂ ಇಲ್ಲದ ಕಡೆ ಯಾರನ್ನೂ ಹೀಗೆ ಮೋಸಗೊಳಿಸಲು ಬರುವುದಿಲ್ಲ, ಏಕೆಂದರೆ ಅಲ್ಲಿ ಎದುರಾಳಿ ಏನನ್ನೂ ನಂಬಿರುವುದಿಲ್ಲ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಕೂತವರಿಗೆ ಒಂದರಿಂದ ಎಂಟರವರೆಗೆ ಸಂಖ್ಯೆ ಕೊಡಿ. ಬೆಸ ಸಂಖ್ಯೆಯವರು ದಕ್ಷಿಣಕ್ಕೆ, ಸಮ ಸಂಖ್ಯೆಯವರು ಉತ್ತರಕ್ಕೆ ಮುಖ ಮಾಡಿದ್ದಾರೆ. ಚೇಸರ್ ಉತ್ತರದ ಬದಿಯಲ್ಲಿ, ಒಂದನೆಯವಳ ಕಡೆಯಿಂದ ಎಂಟನೆಯವಳ ಕಡೆಗೆ ಓಡುತ್ತಿದ್ದಾಳೆ. ಖೋ ಕೊಡಬೇಕಾದದ್ದು ಬೆನ್ನಿಗೆ. ಹಾಗಾಗಿ ಅವಳಿಗೆ ಸಿಗುವವರು ದಕ್ಷಿಣಕ್ಕೆ ಮುಖಮಾಡಿದ ಬೆಸ ಸಂಖ್ಯೆಯವರು ಮಾತ್ರ.

ಅವಳ ಮುಂದೆ ಓಡುತ್ತಿದ್ದ ರನ್ನರ್ ನಾಲ್ಕು ಮತ್ತು ಐದರ ನಡುವೆ ನುಸುಳಿ ದಕ್ಷಿಣದ ಬದಿಗೆ ಹೋದಳು. ಚೇಸರ್ ಈಗ ಮೂರನೆಯವಳ ಹತ್ತಿರ ಇದ್ದಾಳೆ. ಅವಳ ಮುಂದೆ ಎರಡು ದಾರಿ. ಮೂರನೆಯವಳಿಗೆ ಖೋ ಕೊಟ್ಟರೆ ಅವಳು ರನ್ನರ್‌ನ ಹಿಂದಿನಿಂದ ಏಳುತ್ತಾಳೆ; ರನ್ನರ್ ಮುಂದಕ್ಕೆ ಓಡಬೇಕು. ಕೊಡದೆ ಎರಡು ಹೆಜ್ಜೆ ಹೆಚ್ಚು ಓಡಿ ಐದನೆಯವಳಿಗೆ ಕೊಟ್ಟರೆ ಅವಳು ರನ್ನರ್‌ನ ಎದುರಿನಿಂದಲೇ ಏಳುತ್ತಾಳೆ; ರನ್ನರ್ ಥಟ್ಟನೆ ಹಿಂದಿರುಗಬೇಕು. ಎದ್ದವಳು ಎಡಕ್ಕೆ ಹೊರಳುತ್ತಾಳೋ ಬಲಕ್ಕೋ ಎಂಬುದು ಇನ್ನೂ ಬೇರೆ. ಮೊದಲ ಹೆಜ್ಜೆ ಇಡುವವರೆಗೂ ಅವಳಿಗೆ ಎರಡೂ ದಿಕ್ಕು ತೆರೆದಿರುತ್ತವೆ.

ಅಂದರೆ ಒಂದೇ ಕ್ಷಣದಲ್ಲಿ ರನ್ನರ್ ಎರಡು ಪ್ರಶ್ನೆಗೆ ಉತ್ತರ ಹುಡುಕಬೇಕು. ಯಾರು ಏಳುತ್ತಾರೆ? ಯಾವ ಕಡೆಗೆ? ಖೋ ಎಂಬ ಕೂಗು ಅಂಪೈರ್‌ಗೆ ಕೇಳುವಷ್ಟು ಜೋರಾಗಿರಬೇಕೆಂಬ ನಿಯಮವಿದೆ. ಹಾಗಾಗಿ ಯಾವಾಗ ಎಂಬುದು ಕಿವಿಗೆ ತಿಳಿಯುತ್ತದೆ. ಯಾರಿಗೆ ಎಂಬುದನ್ನು ಕಣ್ಣೇ ನೋಡಬೇಕು. ರನ್ನರ್‌ನ ಕಣ್ಣು ಆಗ ತಾನು ಓಡುವ ದಾರಿಯ ಮೇಲಿದ್ದರೆ ಕೆಲಸ ಕೆಟ್ಟಿತು.

ಸೆಕೆಂಡಿನ ಐದನೇ ಒಂದು ಪಾಲು

ಕಣ್ಣಿಗೆ ಕಂಡದ್ದಕ್ಕೆ ಕಾಲು ಮಿಡಿಯಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೇ ಒಂದು ಪಾಲು ಬೇಕು. ಅದೂ ಮಾಡಬೇಕಾದದ್ದು ಒಂದೇ ಕೆಲಸ ಎಂದು ಮೊದಲೇ ಗೊತ್ತಿದ್ದಾಗ. ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂಬುದನ್ನು ಬ್ರಿಟನ್ನಿನ ಮನೋವಿಜ್ಞಾನಿ ವಿಲಿಯಂ ಎಡ್ಮಂಡ್ ಹಿಕ್ 1952ರಲ್ಲಿ ಪ್ರಯೋಗ ಮಾಡಿ ತೋರಿಸಿದರು.

ಇದನ್ನು ಅಂಕಣಕ್ಕೆ ತಂದು ನೋಡಿ. ಸೆಕೆಂಡಿಗೆ 6 ಮೀಟರ್ ಓಡುವ ಹುಡುಗಿ ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ 1.2 ಮೀಟರ್ ಹೋಗಿರುತ್ತಾಳೆ. ಕೂತ ಇಬ್ಬರ ನಡುವಿನ ಜಾಗ ಎರಡೂಕಾಲು ಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ತಪ್ಪು ಊಹೆ ಮಾಡಿದ ರನ್ನರ್‌ಗೆ ಅದು ತಪ್ಪೆಂದು ಹೊಳೆಯುವಷ್ಟರಲ್ಲಿ ಅರ್ಧ ಸಂದಿ ಕಳೆದುಹೋಗಿರುತ್ತದೆ. ಚೇಸರ್‌ನ ಚಾಚಿದ ಕೈ ಉಳಿದರ್ಧವನ್ನು ತುಂಬುತ್ತದೆ.

ಹಾಗಾಗಿ ಖೋ ಕೊಡುವ ಗಳಿಗೆಯೇ ಇಲ್ಲಿ ಆಯುಧ. ಬೇಗ ಕೊಡುವುದುಂಟು, ತಡಮಾಡಿ ಕೊಡುವುದುಂಟು, ರನ್ನರ್‌ನ ಹೆಜ್ಜೆ ನೋಡಿಕೊಂಡು ಕೊನೇ ಗಳಿಗೆಯಲ್ಲಿ ಕೊಡುವುದುಂಟು. ಪಿ.ಟಿ. ಮೇಷ್ಟ್ರುಗಳು ಇವನ್ನು ಅರ್ಲಿ ಖೋ, ಲೇಟ್ ಖೋ, ಜಡ್ಜ್‌ಮೆಂಟ್ ಖೋ ಎನ್ನುತ್ತಾರೆ. ಹೆಸರು ಏನೇ ಇರಲಿ, ಮೂರೂ ಬರುವ ಚೇಸರ್ ಒಂದನ್ನೇ ಬಲ್ಲ ಚೇಸರ್‌ಗಿಂತ ಅಪಾಯಕಾರಿ. ಎರಡನೆಯವಳು ಎಷ್ಟೇ ವೇಗದವಳಾಗಿರಲಿ.

ಆರಂಭದಲ್ಲಿ ನೋಡಿದ ಆ ‘ದಾಟಿಹೋದ’ ಖೋ ತಡಮಾಡಿ ಕೊಡುವ ಬಗೆಯದು. ಪ್ರತಿ ಚೌಕಕ್ಕೂ ಅಂಕಣದ ಅಗಲಕ್ಕೆ ಹಾಯ್ದ ಒಂದು ಅಡ್ಡಪಟ್ಟಿ ಇರುತ್ತದೆ. ಚೇಸರ್‌ನ ಪಾದ ಆ ಪಟ್ಟಿಯ ಸಂಪರ್ಕ ಬಿಟ್ಟಮೇಲೆ ಆ ಚೌಕದವಳಿಗೆ ಖೋ ಕೊಡುವಂತಿಲ್ಲ. ಬಿಡುವ ತನಕ ಕೊಡಬಹುದು. ಜಾಣೆಯಾದವಳು ಮೈಯನ್ನೆಲ್ಲ ಮುಂದಕ್ಕೆ ಬಾಗಿಸಿ, ಮುಂದಿನ ಕಾಲನ್ನು ದೂರಕ್ಕೆ ಚಾಚಿ, ಹಿಂಗಾಲಿನ ಬೆರಳ ತುದಿಯನ್ನು ಮಾತ್ರ ಅಡ್ಡಪಟ್ಟಿಯ ಮೇಲೆ ಉಳಿಸಿಕೊಳ್ಳುತ್ತಾಳೆ. ರನ್ನರ್‌ಗೆ ಕಾಣುವುದು ಮುಂದೆ ಹೋದ ತಲೆ ಮತ್ತು ಭುಜ. ಹಿಂದೆ ಉಳಿದ ಹೆಬ್ಬೆರಳು ಕಾಣುವುದಿಲ್ಲ. ಇಡೀ ಆಟದಲ್ಲಿ ಇದಕ್ಕಿಂತ ಚಂದದ ಮೋಸ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಯಮ ಮುರಿದಂತೆ ಕಾಣುತ್ತದೆ, ಮುರಿದಿರುವುದಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಉಪಾಯವಿದೆ. ಕೂತವಳ ಬೆನ್ನಿನ ಹತ್ತಿರಕ್ಕೆ ಕೈ ಚಾಚಿ, ಮುಟ್ಟದೆ, ಕೂಗದೆ ಮುಂದೆ ಹೋಗುವುದು. ರನ್ನರ್ ಆ ಕೈ ನೋಡಿಯೇ ಹೆಜ್ಜೆ ಬದಲಿಸುತ್ತಾಳೆ, ಬದಲಿಸಿದ ಹೆಜ್ಜೆಗೆ ಮುಂದಿನ ಚೌಕದಲ್ಲಿ ಉತ್ತರ ಸಿಗುತ್ತದೆ. ಆದರೆ ಕೈ ತುಸು ತಾಗಿದರೂ ಫೌಲ್ ಆಗುವುದರಿಂದ ಹೊಸಬರು ಇದಕ್ಕೆ ಕೈಹಾಕದಿರುವುದೇ ವಾಸಿ.

ಕೂರುವುದೂ ಒಂದು ವಿದ್ಯೆ

ಎದ್ದು ಓಡುವವಳ ಮೇಲೆ ಎಲ್ಲರ ಕಣ್ಣು. ಕೂತ ಎಂಟು ಮಂದಿ ಸುಮ್ಮನೆ ಕೂತಂತೆ ಕಾಣುತ್ತಾರೆ. ಅವರು ಸುಮ್ಮನೆ ಕೂತರೆ ತಂಡ ಸೋತಂತೆಯೇ.

ಮಂಡಿ ಮಡಚಿ, ಅಂಗೈಗಳನ್ನು ನೆಲಕ್ಕೂರಿ, ಸೊಂಟವನ್ನು ತುಸು ಎತ್ತಿ ಕೂರಬೇಕು. ಒಂದು ಪಾದ ಮುಂದೆ, ಒಂದು ಹಿಂದೆ ಇಟ್ಟು ಕೂರುವ ಕ್ರಮವೊಂದಿದೆ. ನೂರು ಮೀಟರ್ ಓಟದ ಆರಂಭದ ಭಂಗಿಗೆ ಹತ್ತಿರವಾದದ್ದು. ಎರಡೂ ಪಾದಗಳನ್ನು ಸಮವಾಗಿಟ್ಟು ಕೂರುವ ಕ್ರಮ ಇನ್ನೊಂದು. ಮೊದಲನೆಯದರಲ್ಲಿ ಚಿಮ್ಮುವ ಬಲ ಚೆನ್ನಾಗಿರುತ್ತದೆ, ಆದರೆ ಪಾದ ಇಟ್ಟಿರುವ ರೀತಿಯೇ ಚಾಡಿ ಹೇಳಬಹುದು. ಪಳಗಿದ ರನ್ನರ್‌ಗಳು ಕೂತವರ ಮುಖ ನೋಡುವುದಿಲ್ಲ, ಕಾಲ್ಬೆರಳು ನೋಡುತ್ತಾರೆ. ಎರಡನೆಯದರಲ್ಲಿ ಯಾವ ದಿಕ್ಕಿಗೆ ಹೊರಡುತ್ತಾಳೆಂಬ ಸುಳಿವು ಕಡಿಮೆ.

ಕೂತವಳ ಕಣ್ಣೂ ಕೆಲಸ ಮಾಡುತ್ತಿರಬೇಕು. ಬೆನ್ನ ಹಿಂದೆ ಚೇಸರ್ ಎಲ್ಲಿದ್ದಾಳೆಂದು ತಿರುಗಿ ನೋಡಲು ಹೋದರೆ ಎದುರಿನ ರನ್ನರ್ ಕಣ್ತಪ್ಪುತ್ತಾಳೆ. ಹೆಜ್ಜೆ ಸಪ್ಪಳ ಕೇಳಿಯೇ ಅಂದಾಜು ಮಾಡಿ, ಖೋ ಬಂದರೆ ಎಡಕ್ಕೋ ಬಲಕ್ಕೋ ಎಂಬುದನ್ನು ಬರುವ ಮೊದಲೇ ನಿರ್ಧರಿಸಿಕೊಂಡಿರಬೇಕು. ನಿರ್ಧಾರ ಮುಖದಲ್ಲಿ ಕಾಣಬಾರದು. ಸಾಲಿನಲ್ಲಿ ಇಬ್ಬರು ಮೈಮರೆತು ಕೂತರೂ ರನ್ನರ್‌ಗೆ ಅದು ಗೊತ್ತಾಗಿಬಿಡುತ್ತದೆ. ಆಮೇಲೆ ಅವಳು ಆ ಇಬ್ಬರ ಸುತ್ತಲೇ ಸುತ್ತುತ್ತಾಳೆ.

ಯಾರನ್ನು ಎಲ್ಲಿ ಕೂರಿಸಬೇಕೆಂಬುದು ಕೋಚ್‌ನ ಲೆಕ್ಕ. ಉದ್ದ ಕೈಯವರು, ಡೈವ್ ಹೊಡೆಯಬಲ್ಲವರು ಕಂಬದ ಪಕ್ಕ. ಚುರುಕಾಗಿ ಏಳುವವರು ಮಧ್ಯೆ. ಆದರೆ ಆಟ ಶುರುವಾದ ಅರ್ಧ ನಿಮಿಷಕ್ಕೆ ಈ ಜೋಡಣೆ ಕದಡುತ್ತದೆ. ಖೋ ಕೊಟ್ಟವಳು ಎದ್ದವಳ ಜಾಗದಲ್ಲೇ ಕೂರಬೇಕಲ್ಲ! ಕಂಬದ ಪಕ್ಕದವಳು ಮಧ್ಯಕ್ಕೆ ಬಂದಿರುತ್ತಾಳೆ, ಮಧ್ಯದವಳು ತುದಿಗೆ ಹೋಗಿರುತ್ತಾಳೆ. ಸಾಧಾರಣ ತಂಡ ಇದನ್ನು ಗಮನಿಸುವುದೇ ಇಲ್ಲ. ಒಳ್ಳೆಯ ತಂಡ ರನ್ನರ್‌ನನ್ನು ಅಟ್ಟುತ್ತಲೇ ನಡುನಡುವೆ ಖೋಗಳನ್ನು ಹೊಂದಿಸಿ ಬೇಕಾದವಳನ್ನು ಬೇಕಾದ ಜಾಗಕ್ಕೆ ವಾಪಸು ತಂದು ಕೂರಿಸುತ್ತದೆ. ಓಡುತ್ತಿರುವ ರನ್ನರ್‌ಗೆ ಅದು ಯಾವ ಬೆದರಿಕೆಯೂ ಇಲ್ಲದ ಸಪ್ಪೆ ಖೋ. ಅದರ ಬೆಲೆ ಅವಳು ಕಂಬದ ಹತ್ತಿರ ಬಂದಾಗ ತಿಳಿಯುತ್ತದೆ.

ಕಂಬದ ಹತ್ತಿರ ಕಾನೂನು ಬೇರೆ

ಕಂಬದ ಗೆರೆಯಿಂದ ಆಚೆಗೆ ಅಂಕಣದ ಕೊನೆಯವರೆಗೆ ಇರುವ ಒಂದೂವರೆ ಮೀಟರ್ ಪಟ್ಟಿ ಮುಕ್ತ ವಲಯ. ಅಲ್ಲಿ ಕಾಲಿಟ್ಟ ಚೇಸರ್‌ಗೆ ದಿಕ್ಕಿನ ಕಟ್ಟು ಕಳಚುತ್ತದೆ. ಕಂಬ ಸುತ್ತಿ ಆ ಬದಿಗೆ ಹೋಗಬಹುದು, ಸುತ್ತದೆ ಬಂದ ಬದಿಗೇ ತಿರುಗಬಹುದು. ಅಲ್ಲಿಯವರೆಗೆ ಚೇಸರ್‌ನ ದಾರಿ ಒಂದೇ ಎಂದು ಲೆಕ್ಕ ಹಾಕುತ್ತಿದ್ದ ರನ್ನರ್‌ಗೆ ಇಲ್ಲಿ ಲೆಕ್ಕ ಇಮ್ಮಡಿಯಾಗುತ್ತದೆ.

ಕಂಬವೂ ಒಂದು ಆಯುಧವೇ. ಒಂದು ಕೈಯಲ್ಲಿ ಕಂಬ ಹಿಡಿದು, ಓಟದ ರಭಸದಲ್ಲೇ ಮೈಯನ್ನು ಬೀಸಿ ತಿರುಗಿದರೆ ವೇಗ ಕಡಿಮೆಯಾಗದೆ ದಿಕ್ಕು ಬದಲಾಗುತ್ತದೆ. ಕಂಬ ಹಿಡಿದೇ ಇನ್ನೊಂದು ಕೈಯನ್ನು ಚಾಚಿ ನೆಲಕ್ಕೆ ಸಮನಾಗಿ ಬಾಗಿದರೆ ಅದು ಪೋಲ್ ಡೈವ್. ಚೇಸರ್ ಇನ್ನೂ ದೂರವಿದ್ದಾಳೆ ಎಂದುಕೊಂಡ ರನ್ನರ್‌ನ ಸೊಂಟಕ್ಕೆ ಕೈ ತಾಗುತ್ತದೆ.

ಹಾಗಾಗಿ ಅಟ್ಟುವ ತಂಡದ ಅರ್ಧ ಶ್ರಮವೆಲ್ಲ ರನ್ನರ್‌ನನ್ನು ಕಂಬದ ಕಡೆಗೆ ದೂಡುವುದಕ್ಕೇ. ಎರಡು ಮೂರು ಸಲ ಒಂದೇ ಲಯದಲ್ಲಿ, ಒಂದೇ ಅಂತರದಲ್ಲಿ ಖೋ ಕೊಡುತ್ತಾರೆ. ರನ್ನರ್‌ನ ಕಾಲು ಆ ಲಯಕ್ಕೆ ಒಗ್ಗಿಕೊಳ್ಳುತ್ತದೆ. ನಾಲ್ಕನೆಯದು ಲಯ ತಪ್ಪಿ ಬರುತ್ತದೆ. ತಾಳಕ್ಕೆ ತಲೆದೂಗುತ್ತ ಕೂತ ಕೇಳುಗ ಮೃದಂಗದವನ ಒಂದು ತಪ್ಪಿಸಿದ ಪೆಟ್ಟಿಗೆ ಬೆಚ್ಚುವ ಹಾಗೆ ಅವಳ ಹೆಜ್ಜೆ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ. ಅಷ್ಟು ಸಾಕು.

ಗುರಿ ಬದಲಿಸುವುದು ಇನ್ನೊಂದು ಉಪಾಯ. ಒಳಗೆ ಮೂವರು ರನ್ನರ್‌ಗಳಿದ್ದರೂ ಅಟ್ಟುವುದು ಸಾಮಾನ್ಯವಾಗಿ ಒಬ್ಬಳನ್ನೇ. ಉಳಿದಿಬ್ಬರು ಮೂಲೆಯಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿರುತ್ತಾರೆ. ಮೊದಲನೆಯವಳನ್ನು ಅಟ್ಟುತ್ತ ಅಟ್ಟುತ್ತ ಮೂಲೆಯವಳ ಹತ್ತಿರಕ್ಕೆ ಆಟವನ್ನು ತಂದು, ಒಂದು ಖೋ ಕೊಡುತ್ತಾರೆ; ಎದ್ದವಳು ಸೀದಾ ನಿಂತವಳ ಮೇಲೆ ಎರಗುತ್ತಾಳೆ. ಶಾಲಾ ಮಟ್ಟದಲ್ಲಿ ಸುಲಭವಾಗಿ ಸಿಗುವ ಅಂಕ ಇದು. ನಿಂತ ರನ್ನರ್‌ಗಳು ಬಹಳ ಸಲ ಆಟ ನೋಡುತ್ತ ನಿಂತಿರುತ್ತಾರೆ, ನಮ್ಮ ಹಾಗೆಯೇ.

ಓಡುವವರ ಮರುಮೋಸ

ಇಷ್ಟೆಲ್ಲ ಕೇಳಿ ರನ್ನರ್‌ಗಳು ಪಾಪದವರೆಂದು ತಿಳಿಯಬೇಡಿ. ಅವರಿಗೂ ವಿದ್ಯೆಗಳಿವೆ. ಕೂತ ಪ್ರತಿಯೊಬ್ಬರ ನಡುವೆ ಹಾವಿನಂತೆ ಹೊಸೆದು ಹೋಗುವುದು ಸಿಂಗಲ್ ಚೈನ್. ಇಬ್ಬಿಬ್ಬರನ್ನು ದಾಟಿ ನುಸುಳುವುದು ಡಬಲ್ ಚೈನ್. ಕೆಲವರನ್ನಷ್ಟೇ ಆರಿಸಿಕೊಂಡು ಅವರ ಸುತ್ತ ಉಂಗುರದಂತೆ ತಿರುಗುವುದು ರಿಂಗ್. ಸಿಂಗಲ್ ಚೈನ್ ನೋಡಲು ಚಂದ, ಆದರೆ ಅದರ ಲಯವನ್ನು ಚೇಸರ್ ಬೇಗ ಹಿಡಿಯುತ್ತಾಳೆ. ಪಳಗಿದವರು ಒಂದರಿಂದ ಒಂದಕ್ಕೆ ಬದಲಿಸುತ್ತಿರುತ್ತಾರೆ.

ಭುಜವನ್ನು ಈ ಕಡೆ ಬಾಗಿಸಿ ಆ ಕಡೆಗೆ ಹಾರುವುದು ಅವರ ಹಳೆಯ ಉಪಾಯ. ದಿಕ್ಕು ಹಿಡಿದ ಚೇಸರ್ ಹಿಂದಿರುಗಲಾರಳಲ್ಲ. ಅವಳನ್ನು ತಪ್ಪು ದಿಕ್ಕು ಹಿಡಿಯುವಂತೆ ಮಾಡಿದರೆ ಕಂಬದ ತನಕ ಪ್ರಯಾಣ ಗ್ಯಾರಂಟಿ. ಕೊಕ್ಕೊದಲ್ಲಿ ಇಬ್ಬರೂ ಒಬ್ಬರ ಮೊದಲ ಹೆಜ್ಜೆಗೆ ಇನ್ನೊಬ್ಬರು ಕಾಯುತ್ತಾರೆ. ಮೊದಲು ತಾಳ್ಮೆ ಕಳೆದುಕೊಂಡವರು ಸೋಲುತ್ತಾರೆ.

ಕಬಡ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕಬಡ್ಡಿಯಲ್ಲಿ 30 ಸೆಕೆಂಡ್ ಕಾಲ ಒಬ್ಬ ರೈಡರ್ ಏಳು ಜನರ ಕಣ್ಣಿಗೆ ಮಣ್ಣೆರಚುತ್ತಾನೆ, ಕೀರ್ತಿಯೂ ಅವನದೇ. ಕೊಕ್ಕೊದಲ್ಲಿ ಮೋಸ ಒಂಬತ್ತು ಜನರಿಗೆ ಹಂಚಿಹೋಗಿದೆ. ಕೊನೆಗೆ ಮುಟ್ಟಿದವಳ ಹೆಸರು ಸ್ಕೋರ್ ಹಾಳೆಯಲ್ಲಿ ಬರುತ್ತದೆ. ಮೂರು ಖೋ ಹಿಂದೆ ರನ್ನರ್‌ನನ್ನು ಆ ಕಡೆಗೆ ತಿರುಗಿಸಿದವಳ ಹೆಸರು ಎಲ್ಲೂ ಬರುವುದಿಲ್ಲ.

ಅಮೆರಿಕದ ಕಾಲೇಜು ಮೈದಾನದಲ್ಲೂ ಇದೇ

ಎಲ್ಲಿಯ ಸರಗೂರು, ಎಲ್ಲಿಯ ಅಮೆರಿಕ! ಆದರೂ ಅಲ್ಲಿನ ಕಾಲೇಜುಗಳ ಫುಟ್‌ಬಾಲ್‌ನಲ್ಲಿ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆ ಆಟದಲ್ಲಿ ಇದೇ ತತ್ವ ಕೆಲಸ ಮಾಡುತ್ತದೆ. ಅಲ್ಲಿ ಆಪ್ಷನ್ ಎಂಬ ಪದ್ಧತಿಯೊಂದಿದೆ. ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್ ಎದುರಾಳಿಯ ಒಬ್ಬ ಆಟಗಾರನನ್ನು ಬೇಕೆಂದೇ ಯಾರೂ ತಡೆಯದಂತೆ ಬಿಟ್ಟು, ಅವನನ್ನೇ ನೋಡುತ್ತಾನೆ. ಅವನು ಒಳಕ್ಕೆ ನುಗ್ಗಿದರೆ ಚೆಂಡನ್ನು ತಾನೇ ಇಟ್ಟುಕೊಂಡು ಹೊರಗಿನಿಂದ ಓಡುತ್ತಾನೆ. ಅವನು ಹೊರಗೇ ನಿಂತರೆ ಚೆಂಡನ್ನು ಜೊತೆಗಾರನ ಹೊಟ್ಟೆಗೆ ಒತ್ತಿ ಒಳಗಿನಿಂದ ಕಳಿಸುತ್ತಾನೆ. ಎದುರಾಳಿ ಏನು ಮಾಡಿದರೂ ತಪ್ಪಾಗುವಂತೆ ನಿರ್ಧಾರವನ್ನು ಕೊನೆಯ ಗಳಿಗೆಗೆ ಮುಂದೂಡುವ ಉಪಾಯ. ಅಲ್ಲಿನ ಸೇನಾ ಅಕಾಡೆಮಿಗಳ ತಂಡಗಳಾದ ಆರ್ಮಿ ಮತ್ತು ನೇವಿ, ದೈತ್ಯದೇಹಿಗಳ ತಂಡಗಳನ್ನು ಎದುರಿಸಲು ದೀರ್ಘಕಾಲ ನೆಚ್ಚಿಕೊಂಡದ್ದು ಈ ಪದ್ಧತಿಯನ್ನೇ.

ಅವರ ಇನ್ನೊಂದು ತಂತ್ರ, ಸತತವಾಗಿ ಚೆಂಡು ಹಿಡಿದು ಓಡುತ್ತ ಓಡುತ್ತ ಎದುರಾಳಿಯನ್ನು ಅದಕ್ಕೆ ಒಗ್ಗಿಸಿ, ಮುಂದಿನ ಸಲ ಓಡುವಂತೆ ನಟಿಸಿ ದೂರಕ್ಕೆ ಎಸೆಯುವುದು. ಮೂರು ಸಪ್ಪೆ ಖೋಗಳ ನಂತರ ಬರುವ ನಾಲ್ಕನೆಯದು ಅದೇ ಅಲ್ಲವೇ? ಅಲ್ಲಿ ಇದಕ್ಕೆಲ್ಲ ದಪ್ಪ ದಪ್ಪ ಕೈಪಿಡಿಗಳಿವೆ, ಲಕ್ಷ ಜನ ಕೂರುವ ಕ್ರೀಡಾಂಗಣಗಳಿವೆ. ಇಲ್ಲಿ ಸಂಜೆ ನಾಲ್ಕರ ಮೇಲೆ ಪಿ.ಟಿ. ಮೇಷ್ಟ್ರ ಸೀಟಿ ಇದೆ.

ಮಣ್ಣಿನಿಂದ ಮ್ಯಾಟಿಗೆ

ಇಂದಿನ ಕೊಕ್ಕೊಗೆ ಲಿಖಿತ ನಿಯಮಗಳ ಚೌಕಟ್ಟು ಬಂದದ್ದು ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ, 1914ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1959–60ರಲ್ಲಿ ವಿಜಯವಾಡದಲ್ಲಿ ನಡೆಯಿತು. 2016ರಲ್ಲಿ ಕೊಕ್ಕೊ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ ಸೇರಿತು. 2022ರ ಆಗಸ್ಟ್‌ನಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಪುಣೆಯಲ್ಲಿ ಶುರುವಾದಾಗ ಆರು ತಂಡಗಳಿದ್ದವು. ಕರ್ನಾಟಕದ ಹೆಸರಿನ ತಂಡ ಅದರಲ್ಲಿರಲಿಲ್ಲ. ಫೈನಲ್‌ನಲ್ಲಿ ಒಡಿಶಾ ಜಗರ್‌ನಾಟ್ಸ್ ತಂಡ ತೆಲುಗು ಯೋಧಾಸ್ ತಂಡವನ್ನು 46–45ರಿಂದ, ಒಂದೇ ಅಂಕದಿಂದ ಸೋಲಿಸಿತು.

ಟಿ.ವಿ.ಗಾಗಿ ಹೆಣೆದ ಆ ಲೀಗ್ ಆಟದ ಲೆಕ್ಕಾಚಾರವನ್ನೇ ಬದಲಿಸಿತು. ಸರದಿ 7 ನಿಮಿಷಕ್ಕಿಳಿಯಿತು. ಮುಟ್ಟಿದರೆ 2 ಅಂಕ, ಡೈವ್ ಹೊಡೆದು ಮುಟ್ಟಿದರೆ 3. ನಿಗದಿತ ಸಮಯ ಮೀರಿ ಔಟಾಗದೆ ಉಳಿದ ಬ್ಯಾಚಿಗೆ ಡ್ರೀಮ್ ರನ್ ಎಂದು ಅಂಕ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ವಜೀರ್. ಅವನು ಯಾವ ದಿಕ್ಕಿಗೆ ಬೇಕಾದರೂ ಓಡಬಲ್ಲ ಚೇಸರ್. ದಿಕ್ಕಿನ ನಿಯಮ ಅವನಿಗಿಲ್ಲ. ಪವರ್‌ಪ್ಲೇ ಇದ್ದಾಗ ಇಂಥವರು ಇಬ್ಬರು.

ವಜೀರ್‌ನಿಂದ ಆಟ ಬಿರುಸಾಯಿತು, ನೋಡುವವರು ಹೆಚ್ಚಿದರು. ಒಪ್ಪಿಕೊಳ್ಳೋಣ. ಆದರೆ ಎಲ್ಲಿಗೆ ಬೇಕಾದರೂ ಹೋಗಬಲ್ಲವನನ್ನು ಯಾವ ರನ್ನರ್ ನಂಬುತ್ತಾನೆ? ನಂಬಿಕೆಯೇ ಇಲ್ಲದ ಕಡೆ ಹಿಂಗಾಲಿನ ಬೆರಳನ್ನು ಪಟ್ಟಿಯ ಮೇಲೆ ಉಳಿಸಿ ಮೋಸಗೊಳಿಸುವ ಪ್ರಮೇಯವೂ ಇಲ್ಲ. ವಜೀರ್ ಇದ್ದಷ್ಟು ಹೊತ್ತು ಅದು ವೇಗದ ಆಟ, ವಜೀರ್ ಕೂತಮೇಲೆ ಮತ್ತೆ ಬುದ್ಧಿಯ ಆಟ. ಹಳೆಯ ಆಟದ ರುಚಿ ಕಂಡವರಿಗೆ ಎರಡನೆಯದೇ ಹೆಚ್ಚು ಹಿಡಿಸೀತು.

2025ರ ಜನವರಿ 13ರಿಂದ 19ರವರೆಗೆ ದೆಹಲಿಯ ಇಂದಿರಾಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ವಿಶ್ವಕಪ್ ನಡೆಯಿತು. ಪುರುಷರ ಮತ್ತು ಮಹಿಳೆಯರ ವಿಭಾಗಗಳೆರಡರಲ್ಲೂ ಫೈನಲ್‌ನಲ್ಲಿ ಭಾರತಕ್ಕೆ ಎದುರಾದದ್ದು ನೇಪಾಳ. ಪುರುಷರು 54–36, ಮಹಿಳೆಯರು 78–40ರಿಂದ ಗೆದ್ದರು. ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ಮಹಿಳೆಯರ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ಮೈಸೂರು ಜಿಲ್ಲೆಯವರೇ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಫೈನಲ್ ಪಂದ್ಯದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಅವರ ಪಾಲಾಯಿತು.

ಕೆಂಪು ಮಣ್ಣು ಕಲಿಸುವ ಪಾಠ

ವಿಶ್ವಕಪ್ ನಡೆದದ್ದು ಮ್ಯಾಟಿನ ಮೇಲೆ. ನಮ್ಮ ಹೋಬಳಿ, ತಾಲ್ಲೂಕು ಮಟ್ಟದ ಆಟ ಬಹುತೇಕ ನಡೆಯುವುದು ಮಣ್ಣಿನಲ್ಲಿ. ಈ ವ್ಯತ್ಯಾಸ ಬರೀ ಸೌಕರ್ಯದ್ದಲ್ಲ, ಆಟದ ಸ್ವರೂಪದ್ದು. ಗರಸು ತುಂಬಿದ ಕೆಂಪು ನೆಲದಲ್ಲಿ ಡೈವ್ ಹೊಡೆದರೆ ಮೊಣಕೈ, ಮಂಡಿಯ ಚರ್ಮ ಕಿತ್ತು ಬರುತ್ತದೆ. ಆದ್ದರಿಂದ ಹಳ್ಳಿ ಶಾಲೆಯ ಮಕ್ಕಳು ಡೈವ್‌ಗಿಂತ ಖೋ ಕೊಡುವ ಸಮಯವನ್ನೇ ಹೆಚ್ಚು ಪಳಗಿಸಿಕೊಳ್ಳುತ್ತಾರೆ. ಹೊಂಚು, ತಡಮಾಡಿದ ಖೋ, ಗುರಿ ಬದಲಾವಣೆ ಅವರಿಗೆ ಬರುತ್ತದೆ. ಮೇಲಿನ ಹಂತಕ್ಕೆ ಹೋಗಿ ಮ್ಯಾಟಿನ ಮೇಲೆ ಡೈವ್ ಹೊಡೆಯುವ ತಂಡಗಳು ಎದುರಾದಾಗ ಕಂಬದ ಹತ್ತಿರ ಸೋಲುತ್ತಾರೆ. ಒಂದು ತೋಳಿನ ಉದ್ದದಲ್ಲಿ ಅಂಕ ಕೈತಪ್ಪುತ್ತದೆ.

ಎರಡು ಕಂಬ, ಒಂದು ಚೀಲ ಸುಣ್ಣದ ಪುಡಿ, ಹನ್ನೆರಡು ಮಕ್ಕಳು ಇದ್ದರೆ ತಂಡ ತಯಾರು ಎಂಬುದು ಕೊಕ್ಕೊದ ಹೆಮ್ಮೆ. ಹತ್ತಿ, ಹೊಗೆಸೊಪ್ಪು, ಶುಂಠಿ ಬೆಳೆಯುವ ಈ ಸೀಮೆಯ ಶಾಲೆಗಳಲ್ಲಿ ಆಟ ಉಳಿದದ್ದು ಆ ಅಗ್ಗದ ಕಾರಣಕ್ಕೇ. ಆದರೆ ಅದೇ ಕಾರಣಕ್ಕೆ ಇನ್ನೇನೂ ಬೇಡ ಎಂದು ಕೈಕಟ್ಟಿ ಕೂರುವುದೂ ಸಲೀಸಾಗಿದೆ. ತಾಲ್ಲೂಕಿಗೊಂದು ಮ್ಯಾಟ್ ಅಂಕಣವಿದ್ದರೆ ಮಣ್ಣಿನಲ್ಲಿ ಕಲಿತ ಬುದ್ಧಿಗೆ ಡೈವ್‌ನ ಧೈರ್ಯವೂ ಸೇರೀತು. ಶಾಸಕರು, ತಾಲ್ಲೂಕು ಪಂಚಾಯಿತಿಯವರು ಕ್ರೀಡಾಕೂಟ ಉದ್ಘಾಟಿಸಲು ಬಂದಾಗ ಅಂಕಣದ ನೆಲವನ್ನೊಮ್ಮೆ ಅಂಗೈಯಿಂದ ಮುಟ್ಟಿ ನೋಡಲಿ.

ನೋಡುಗರಿಗೂ ಒಂದು ಮಾತು. ಮುಂದಿನ ಸಲ ಪಂದ್ಯ ನೋಡಲು ಹೋದಾಗ ಅಂಕಣದ ಉದ್ದದ ಬದಿಯಲ್ಲಿ ನಿಲ್ಲಬೇಡಿ, ಕಂಬದ ಹಿಂದೆ ನಿಲ್ಲಿ. ಎಂಟೂ ಬೆನ್ನುಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಓಡುವವಳನ್ನು ಬಿಟ್ಟು ಕೂತವರನ್ನೇ ಐದು ನಿಮಿಷ ನೋಡಿ. ಮುಂದಿನ ಖೋ ಯಾರಿಗೆ ಎಂದು ಊಹಿಸುತ್ತ ಹೋಗಿ. ನಿಮ್ಮ ಊಹೆ ಪದೇ ಪದೇ ತಪ್ಪಾಗುತ್ತಿದ್ದರೆ ಅಟ್ಟುತ್ತಿರುವುದು ಒಳ್ಳೆಯ ತಂಡ.